ಅಕ್ಟೋಬರ್ 22ರ ರಾತ್ರಿ ಯಾರೂ ಮಲಗಲಿಲ್ಲ

1844ರ ಅಕ್ಟೋಬರ್ 22, ಮಂಗಳವಾರ. ಅಮೆರಿಕದ ಈಶಾನ್ಯ ರಾಜ್ಯಗಳ ಹಳ್ಳಿ, ಪಟ್ಟಣಗಳಲ್ಲಿ ಸಾವಿರಾರು ಜನ ಅವತ್ತು ರಾತ್ರಿ ಮಲಗಲಿಲ್ಲ. ಕೆಲವರು ಪ್ರಾರ್ಥನಾ ಮಂದಿರದಲ್ಲಿ, ಕೆಲವರು ಪಕ್ಕದವರ ಮನೆಯಲ್ಲಿ ಗುಂಪಾಗಿ ಕೂತು ಆಕಾಶವನ್ನೇ ನೋಡುತ್ತಿದ್ದರು. ಇವತ್ತು ಏಸುಕ್ರಿಸ್ತ ಮೋಡದ ಮೇಲೆ ಇಳಿದು ಬರುತ್ತಾನೆ, ಸತ್ತವರು ಸಮಾಧಿಯಿಂದ ಎದ್ದು ಬರುತ್ತಾರೆ, ಈ ಭೂಮಿ ಬೆಂಕಿಯಲ್ಲಿ ಸುಟ್ಟು ಶುದ್ಧವಾಗುತ್ತೆ. ಬಂದರೂ ಬರಬಹುದು ಅಂತಲ್ಲ. ಬಂದೇ ಬರುತ್ತಾನೆ, ಇವತ್ತೇ ಬರುತ್ತಾನೆ.

ಅಷ್ಟು ಖಚಿತವಾಗಿದ್ದರು ಅನ್ನೋದಕ್ಕೆ ಸಾಕ್ಷಿ ಅವರ ಹೊಲಗಳು. ಅಕ್ಟೋಬರ್ ಅಂದ್ರೆ ಅಲ್ಲಿ ಸುಗ್ಗಿ ಮುಗಿಯೋ ಕಾಲ. ಇನ್ನೊಂದು ತಿಂಗಳಿಗೆ ಹಿಮ ಬೀಳುತ್ತೆ. ಆದರೂ ಎಷ್ಟೋ ರೈತರು ಆಲೂಗಡ್ಡೆ ಕೀಳದೆ ಮಣ್ಣಲ್ಲೇ ಬಿಟ್ಟಿದ್ದರು. ರಾಜಾಧಿರಾಜ ಬರುತ್ತಿದ್ದಾನೆ, ಅವನ ಗೌರವಾರ್ಥ ಅಂಗಡಿ ಮುಚ್ಚಿದೆ ಅಂತ ಫಿಲಡೆಲ್ಫಿಯಾದ ಒಬ್ಬ ದರ್ಜಿ ಬಾಗಿಲಿಗೆ ಬೋರ್ಡು ತಗುಲಿಸಿದ್ದ. ಬಿಳಿ ನಿಲುವಂಗಿ ತೊಟ್ಟು ಮರ ಹತ್ತಿ, ಮನೆ ಮಾಡು ಹತ್ತಿ ಕಾಯುತ್ತಿದ್ದರು ಅಂತ ಆಗಿನ ಪತ್ರಿಕೆಗಳು ರಂಜಿಸಿ ಬರೆದವು. ಆ ಬಿಳಿ ನಿಲುವಂಗಿಯ ಕಥೆಗೆ ಗಟ್ಟಿ ಪುರಾವೆ ಇಲ್ಲ. ಆಲೂಗಡ್ಡೆಯ ಕಥೆಗೆ ಇದೆ. ನನಗೆ ಆಲೂಗಡ್ಡೆಯೇ ಹೆಚ್ಚು ಮುಖ್ಯ ಅನ್ನಿಸುತ್ತೆ. ಬಟ್ಟೆ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬೆಳೆದ ಬೆಳೆಯನ್ನು ಕೀಳದೆ ಬಿಡೋದು ರೈತನಿಗೆ ಸುಲಭ ಅಲ್ಲ.

ಈ ತಾರೀಖಿನ ಹಿಂದೆ ಒಬ್ಬ ಮನುಷ್ಯ ಇದ್ದ. ವಿಲಿಯಂ ಮಿಲ್ಲರ್. 1782ರಲ್ಲಿ ಹುಟ್ಟಿದವನು, ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಅನ್ನೋ ಹಳ್ಳಿಯ ರೈತ. ನಿಮ್ಮ ಕಣ್ಣ ಮುಂದೆ ಈಗ ಗಡ್ಡ ಬಿಟ್ಟ, ಕಣ್ಣು ಕೆಂಪಗಾದ ಒಬ್ಬ ಢೋಂಗಿ ಬಾಬಾ ಬಂದಿದ್ದರೆ ದಯವಿಟ್ಟು ಅಳಿಸಿಬಿಡಿ. ಈತ ಹಾಗಿರಲಿಲ್ಲ. ಯೌವನದಲ್ಲಿ ವಿಚಾರವಾದಿ. ದೇವರು ಜಗತ್ತನ್ನು ಮಾಡಿಟ್ಟು ಸುಮ್ಮನಾದ, ಪ್ರಾರ್ಥನೆ ಪವಾಡ ಎಲ್ಲ ಸುಳ್ಳು ಅನ್ನೋ ಗುಂಪಿನವನು. ಸ್ವಂತ ಕುಟುಂಬದಲ್ಲೇ ಇದ್ದ ಬ್ಯಾಪ್ಟಿಸ್ಟ್ ಪಾದ್ರಿಗಳ ಧಾಟಿಯನ್ನು ಅಣಕಿಸಿ ಸ್ನೇಹಿತರನ್ನು ನಗಿಸುತ್ತಿದ್ದ.

ಆಮೇಲೆ ಯುದ್ಧ ಬಂತು. 1812ರಲ್ಲಿ ಬ್ರಿಟನ್ ವಿರುದ್ಧ ಶುರುವಾದ ಯುದ್ಧದಲ್ಲಿ ಮಿಲ್ಲರ್ ಸೈನ್ಯಾಧಿಕಾರಿ. 1814ರ ಸೆಪ್ಟೆಂಬರ್‌ನಲ್ಲಿ ಪ್ಲಾಟ್ಸ್‌ಬರ್ಗ್ ಕದನ. ಅವನಿಂದ ಎರಡೇ ಅಡಿ ದೂರದಲ್ಲಿ ಒಂದು ಫಿರಂಗಿ ಗುಂಡು ಸಿಡಿಯಿತು. ಒಬ್ಬ ಸತ್ತ, ಮೂವರು ಗಾಯಗೊಂಡರು. ಮಿಲ್ಲರ್‌ಗೆ ಒಂದು ಗೀರೂ ಇಲ್ಲ. ಅದೇ ವರ್ಷಗಳಲ್ಲಿ ಅಪ್ಪ ತೀರಿಕೊಂಡ, ತಂಗಿ ತೀರಿಕೊಂಡಳು. ಯುದ್ಧ ಮುಗಿಸಿ ಹಳ್ಳಿಗೆ ವಾಪಸ್ ಬಂದವನಿಗೆ ಒಂದೇ ಪ್ರಶ್ನೆ. ಸತ್ತ ಮೇಲೆ ಏನೂ ಇಲ್ಲವಾ? ನನ್ನ ವಿಚಾರವಾದ ಹೇಳೋದು ನಿಜವಾದರೆ ನನ್ನ ಅಪ್ಪ ಎಲ್ಲೂ ಇಲ್ಲ. ನಾನೂ ನಾಳೆ ಎಲ್ಲೂ ಇರಲ್ಲ.

1816ರಲ್ಲಿ ಚರ್ಚಿನಲ್ಲಿ ಪ್ರವಚನ ಓದುತ್ತಾ ಓದುತ್ತಾ ಆತ ಅಳಲು ಶುರುಮಾಡಿದ. ಮುಂದೆ ಓದೋಕೆ ಆಗಲಿಲ್ಲ. ಹಳೇ ಸ್ನೇಹಿತರು ಗೇಲಿ ಮಾಡಿದರು. ನಿನ್ನ ಬೈಬಲ್‌ನಲ್ಲಿ ಅಷ್ಟೊಂದು ವಿರೋಧಾಭಾಸ ಇದೆಯಲ್ಲಯ್ಯಾ, ಅದಕ್ಕೇನು ಹೇಳ್ತೀಯ ಅಂದರು. ಸಮಯ ಕೊಡಿ, ಒಂದೊಂದೂ ಬಿಡಿಸಿ ತೋರಿಸ್ತೀನಿ ಅಂದ. ಎರಡು ವರ್ಷ ಸಾಲು ಸಾಲಾಗಿ ಓದಿದ. ಅಲ್ಲಿ ಅವನ ಕೈಗೆ ಸಿಕ್ಕಿದ್ದು ದಾನಿಯೇಲನ ಗ್ರಂಥದ ಒಂದು ಮಾತು. 2300 ದಿನಗಳಾದ ಮೇಲೆ ಪವಿತ್ರ ಸ್ಥಾನ ಶುದ್ಧವಾಗುತ್ತದೆ ಅನ್ನೋ ಅರ್ಥದ ವಾಕ್ಯ ಅದು. ದಿನ ಅಂದರೆ ವರ್ಷ ಅಂತ ತಗೊಂಡ. ಕ್ರಿಸ್ತಪೂರ್ವ 457ರಿಂದ ಎಣಿಸಿದ. 2300ರಲ್ಲಿ 457 ಕಳೆದರೆ 1843. ಇನ್ನು ಇಪ್ಪತ್ತೈದು ವರ್ಷ.

ಆತ ಓಡಿಹೋಗಿ ಬೀದಿಯಲ್ಲಿ ನಿಂತು ಕೂಗಿದನಾ? ಇಲ್ಲ. ಹದಿಮೂರು ವರ್ಷ ಸುಮ್ಮನಿದ್ದ. ಲೆಕ್ಕ ಮತ್ತೆ ಮತ್ತೆ ತಾಳೆ ನೋಡಿದ. ಹೇಳದೇ ಇದ್ದರೆ ಜನರ ನಾಶದ ಪಾಪ ನನಗೇ ಅಂತ ಒಳಗೊಳಗೇ ಬೆಂದ. 1831ರಲ್ಲಿ, ಸುಮಾರು ಐವತ್ತರ ವಯಸ್ಸಿನಲ್ಲಿ, ಪಕ್ಕದ ಊರಿನವರು ಬಂದು ಮಾತಾಡಿ ಅಂತ ಕರೆದಾಗ ಮೊದಲ ಸಲ ಬಾಯಿ ಬಿಟ್ಟ. ವೈಭವದ ಭಾಷಣಕಾರ ಅಲ್ಲ. ಲೆಕ್ಕದ ಮೇಷ್ಟ್ರ ಥರ ಒಂದೊಂದೇ ಸಂಖ್ಯೆ ಹೇಳುತ್ತಿದ್ದ. ಅದೇ ಜನಕ್ಕೆ ಹಿಡಿಸಿತು. ಅಬ್ಬರಿಸೋ ಪಾದ್ರಿಗಳನ್ನು ಅವರು ಬೇಕಾದಷ್ಟು ನೋಡಿದ್ದರು. ಕೂಡಿಸಿ ಕಳೆದು ತೋರಿಸುವವನು ಹೊಸಬ.

ಆದರೂ ಎಂಟು ವರ್ಷ ಆತ ಹಳ್ಳಿಗಳಲ್ಲೇ ಓಡಾಡಿದ. ಇಡೀ ದೇಶಕ್ಕೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು 1839ರ ನಂತರ. ಬಾಸ್ಟನ್‌ನ ಜೋಶುವಾ ಹೈಮ್ಸ್ ಅನ್ನೋ ಯುವ ಪಾದ್ರಿ ಸಿಕ್ಕಿದ ಮೇಲೆ. ಈ ಹೈಮ್ಸ್ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ಯಾಕಂದ್ರೆ ಈತ ನಮ್ಮ ಕಸುಬಿನವನು.

ನಿನ್ನ ಲೆಕ್ಕವನ್ನು ನೀನು ನಿಜವಾಗಿ ನಂಬ್ತೀಯಾ ಅಂತ ಹೈಮ್ಸ್ ಕೇಳಿದ. ನಂಬ್ತೀನಿ ಅಂದ ಮಿಲ್ಲರ್. ಹಾಗಾದರೆ ಹಳ್ಳಿಗಳಲ್ಲಿ ಯಾಕೆ ಕಾಲ ಕಳೀತಿದ್ದೀಯ? ಉಳಿದಿರೋದು ಮೂರ್ನಾಲ್ಕು ವರ್ಷ! 1840ರಲ್ಲಿ ಹೈಮ್ಸ್ ಬಾಸ್ಟನ್‌ನಲ್ಲಿ ಒಂದು ಪತ್ರಿಕೆ ಶುರುಮಾಡಿದ. 1842ರಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೊಂದು. ಕರಪತ್ರ, ಪುಸ್ತಿಕೆ, ಹಾಡಿನ ಪುಸ್ತಕ ಲಕ್ಷಗಟ್ಟಲೆ ಮುದ್ರಣವಾದವು. ಸಾವಿರಾರು ಜನ ಕೂರಬಹುದಾದ ಒಂದು ಬೃಹತ್ ಡೇರೆ ಹೊಲಿಸಿ ಊರಿಂದ ಊರಿಗೆ ಸಾಗಿಸಿದ. ದಾನಿಯೇಲನ ಮೃಗಗಳ ಚಿತ್ರ, ಪಕ್ಕದಲ್ಲಿ ಇಸವಿಗಳು, ಕೊನೆಯಲ್ಲಿ ದಪ್ಪಕ್ಷರದಲ್ಲಿ 1843. ಆ ಚಾರ್ಟನ್ನು ವೇದಿಕೆ ಮೇಲೆ ನೇತುಹಾಕಿ ಕೋಲು ಹಿಡಿದು ವಿವರಿಸುತ್ತಿದ್ದರು. ಇವತ್ತು ನಾವು ಸ್ಟುಡಿಯೋದಲ್ಲಿ ದೊಡ್ಡ ಪರದೆ ಮುಂದೆ ನಿಂತು ಗ್ರಾಫಿಕ್ಸ್ ತೋರಿಸ್ತೀವಲ್ಲ, ಅದರ ಮುತ್ತಜ್ಜ ಅದು.

ಆದರೆ ಪ್ರಚಾರದಿಂದಲೇ ಜನ ನಂಬಿದರು ಅಂದರೆ ಅದು ಅರ್ಧ ಸತ್ಯ. ಪ್ರಚಾರ ಮಾಡಿದ್ದೆಲ್ಲ ಮಾರಾಟವಾಗುತ್ತೆ ಅನ್ನೋದಾಗಿದ್ದರೆ ಟಿವಿ ಚಾನೆಲ್‌ಗಳಷ್ಟು ಸುಖಿಗಳು ಯಾರೂ ಇರುತ್ತಿರಲಿಲ್ಲ. ಕೇಳುವವರ ಎದೆಯಲ್ಲಿ ಮೊದಲೇ ಏನೋ ಇತ್ತು.

ಏನಿತ್ತು? 1833ರ ನವೆಂಬರ್‌ನ ಒಂದು ರಾತ್ರಿ ಅಮೆರಿಕದ ಆಕಾಶದಲ್ಲಿ ಉಲ್ಕೆಗಳ ಮಳೆಯೇ ಸುರಿದಿತ್ತು. ಜನ ಹಾಸಿಗೆ ಬಿಟ್ಟು ಎದ್ದು ಬಂದು ನಕ್ಷತ್ರಗಳೆಲ್ಲ ಉದುರುತ್ತಿವೆ ಅಂದುಕೊಂಡಿದ್ದರು. 1837ರಲ್ಲಿ ಬ್ಯಾಂಕುಗಳು ಕುಸಿದವು. ನಾಲ್ಕೈದು ವರ್ಷ ವ್ಯಾಪಾರ ಏಳಲಿಲ್ಲ. ಬೆಳೆಗೆ ಬೆಲೆ ಇಲ್ಲ, ಸಾಲಕ್ಕೆ ಜಮೀನು ಹೋಯಿತು. 1843ರ ಮಾರ್ಚ್‌ನಲ್ಲಿ, ಸರಿಯಾಗಿ ಮಿಲ್ಲರ್ ಹೇಳಿದ್ದ ವರ್ಷ ಶುರುವಾಗೋ ಹೊತ್ತಿಗೆ, ಹಗಲಲ್ಲೂ ಕಾಣಿಸುವಂಥ ಒಂದು ದೊಡ್ಡ ಧೂಮಕೇತು ಬಂತು. ಇಷ್ಟು ಸಾಕಲ್ವಾ ಅಂತ ನೀವು ಕೇಳಬಹುದು. ನನಗೆ ಇಷ್ಟು ಸಾಲದು. ಧೂಮಕೇತು ಎಲ್ಲರಿಗೂ ಕಂಡಿತ್ತು. ಎಲ್ಲರೂ ಮಿಲ್ಲರ್ ಹಿಂದೆ ಹೋಗಲಿಲ್ಲ.

ಹೋದವರಲ್ಲಿ ಯಾರ್ಯಾರಿದ್ದರು ನೋಡಿ. ಹೈಮ್ಸ್ ಗುಲಾಮಗಿರಿಯ ಕಟ್ಟಾ ವಿರೋಧಿ. ಅವನ ಪ್ರಾರ್ಥನಾ ಮಂದಿರ ಬಾಸ್ಟನ್‌ನ ಸುಧಾರಕರ ಅಡ್ಡೆ. ಚಾರ್ಟ್ ರೂಪಿಸಿದ ಚಾರ್ಲ್ಸ್ ಫಿಚ್ ಗುಲಾಮಗಿರಿ ವಿರುದ್ಧ ಬರೆದವನು. ಗುಲಾಮಗಿರಿ ವಿರುದ್ಧ ದೇಶವೆಲ್ಲ ತಿರುಗಿ ಮಾತಾಡಿದ ಏಂಜಲೀನಾ ಗ್ರಿಮ್ಕೆಯಂಥ ದಿಟ್ಟ ಹೆಣ್ಣುಮಗಳನ್ನೂ ಈ ನಂಬಿಕೆ ಒಂದಷ್ಟು ಕಾಲ ಸೆಳೆಯಿತು. ಇವರೆಲ್ಲ ಓದಿದವರು, ಹೋರಾಟಗಾರರು. ಹತ್ತು ವರ್ಷ ಸಭೆ ಮಾಡಿದರು, ಅರ್ಜಿ ಬರೆದರು, ಕಲ್ಲೇಟು ತಿಂದರು. ಗುಲಾಮಗಿರಿ ಒಂದಿಂಚು ಅಲುಗಲಿಲ್ಲ. ಆಗ ಒಬ್ಬ ರೈತ ಬಂದು, ನೀವಿನ್ನು ಕಾಯಬೇಕಿಲ್ಲ, ಮುಂದಿನ ವರ್ಷ ದೇವರೇ ಬಂದು ಒಂದೇ ದಿನದಲ್ಲಿ ಎಲ್ಲ ಲೆಕ್ಕ ಚುಕ್ತಾ ಮಾಡ್ತಾನೆ ಅಂದರೆ? ದಣಿದವನ ಕಿವಿಗೆ ಅದು ಬೆದರಿಕೆಯಾಗಿ ಕೇಳಿಸಲ್ಲ. ಬಿಡುಗಡೆಯಾಗಿ ಕೇಳಿಸುತ್ತೆ.

ಪ್ರಳಯ ಅಂದರೆ ಜನ ಹೆದರಿ ಓಡಿಬರುತ್ತಾರೆ ಅಂತ ನಾವು ತಿಳಿದಿದ್ದೀವಿ. 2012ರ ಡಿಸೆಂಬರ್ ನೆನಪಿರಬಹುದು. ಮಾಯಾ ಕ್ಯಾಲೆಂಡರ್ ಮುಗಿಯುತ್ತೆ, 21ನೇ ತಾರೀಖು ಜಗತ್ತು ಖಲ್ಲಾಸ್ ಅಂತ ಊರೆಲ್ಲ ಮಾತು. ಆಗ ಸ್ಟುಡಿಯೋಗೆ ಬರುತ್ತಿದ್ದ ಫೋನ್ ಕರೆಗಳು ನನಗೆ ಇವತ್ತಿಗೂ ನೆನಪಿವೆ. ಭಯದಿಂದ ನಡುಗುವ ದನಿ ಕಡಿಮೆ. ಒಬ್ಬ ಹೆಂಗಸು ಕೇಳಿದ್ದು, ಸಾರ್, ಹಾಗಾದ್ರೆ ಜನವರಿ ಕಂತು ಕಟ್ಟೋದು ಬ್ಯಾಡ್ವಾ? ಸ್ಟುಡಿಯೋದಲ್ಲಿ ಇದ್ದವರೆಲ್ಲ ನಕ್ಕರು. ಆಕೆ ನಗಲಿಲ್ಲ.

ಇರಲಿ. ಮಿಲ್ಲರ್ ಕಥೆಗೆ ಬರೋಣ. ಆತ ಮೊದಲು ನಿರ್ದಿಷ್ಟ ದಿನ ಹೇಳಿರಲಿಲ್ಲ. 1843ರ ಮಾರ್ಚ್ 21ರಿಂದ 1844ರ ಮಾರ್ಚ್ 21ರ ಒಳಗೆ ಅಂದಿದ್ದ. ಆ ಗಡುವು ದಾಟಿತು. ಏನೂ ಆಗಲಿಲ್ಲ. ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆ ಇಸವಿ ಇಲ್ಲವಲ್ಲ, ಅದನ್ನು ಮರೆತಿದ್ದೆವು, ಹಾಗಾಗಿ 1843 ಅಲ್ಲ 1844 ಅಂತ ಲೆಕ್ಕ ತಿದ್ದಿದರು. ಆ ಬೇಸಿಗೆಯಲ್ಲಿ, ಆಗಸ್ಟ್ ತಿಂಗಳ ಒಂದು ಶಿಬಿರದಲ್ಲಿ, ಸ್ಯಾಮುಯೆಲ್ ಸ್ನೋ ಅನ್ನೋ ಅನುಯಾಯಿ ಎದ್ದು ನಿಂತು ಯಹೂದಿ ಪಂಚಾಂಗದ ಏಳನೇ ತಿಂಗಳ ಹತ್ತನೇ ದಿನ ಅಂದ. ಅಂದರೆ ಅಕ್ಟೋಬರ್ 22. ಬೆಂಕಿ ಹತ್ತಿಕೊಂಡಿತು. ಆಶ್ಚರ್ಯ ಏನು ಗೊತ್ತಾ? ಸ್ವತಃ ಮಿಲ್ಲರ್ ಇದನ್ನು ಒಪ್ಪಿದ್ದು ಅಕ್ಟೋಬರ್ ಮೊದಲ ವಾರದಲ್ಲಿ. ಹಿಂಬಾಲಕರು ಮುಂದೆ ಓಡುತ್ತಿದ್ದರು, ನಾಯಕ ಹಿಂದೆ. ಕೊನೆಯ ಹೊತ್ತಿಗೆ ಐವತ್ತು ಸಾವಿರದಿಂದ ಒಂದು ಲಕ್ಷ ಜನ ನಂಬಿದ್ದರು ಅನ್ನೋದು ಇತಿಹಾಸಕಾರರ ಅಂದಾಜು.

ಚಾರ್ಟ್ ಮಾಡಿದ ಆ ಫಿಚ್ ವಿಷಯ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಅಕ್ಟೋಬರ್ ಮೊದಲ ವಾರಗಳಲ್ಲಿ ಆತ ಬಫಲೋದಲ್ಲಿ ತಣ್ಣನೆ ಗಾಳಿಯಲ್ಲಿ, ತಣ್ಣೀರಿನಲ್ಲಿ ನಿಂತು ಒಂದಾದ ಮೇಲೊಂದು ಗುಂಪಿಗೆ ದೀಕ್ಷಾಸ್ನಾನ ಮಾಡಿಸಿದ. ಜ್ವರ ಬಂತು. ಅಕ್ಟೋಬರ್ 14ಕ್ಕೆ ಸತ್ತ. ಇನ್ನೂ ನಲವತ್ತು ದಾಟಿರಲಿಲ್ಲ. ಹೆಂಡತಿ, ಮಕ್ಕಳು ಸಮಾಧಾನವಾಗಿಯೇ ಇದ್ದರು. ಎಂಟು ದಿನ ತಾನೇ? 22ಕ್ಕೆ ಅಪ್ಪ ಎದ್ದು ಬರ್ತಾರೆ.

23ರ ಬೆಳಿಗ್ಗೆ ಆ ಮನೆಯಲ್ಲಿ ಏನಾಗಿರಬಹುದು ಅಂತ ಒಂದು ಕ್ಷಣ ಯೋಚನೆ ಮಾಡಿ. ಅವತ್ತು ಸೂರ್ಯ ಎಂದಿನ ಹಾಗೇ ಹುಟ್ಟಿದ. ಪೋರ್ಟ್ ಗಿಬ್ಸನ್ ಅನ್ನೋ ಊರಿನ ಹೈರಮ್ ಎಡ್ಸನ್ ಮನೆಯಲ್ಲಿ ಕಾದಿದ್ದವರು ಬೆಳಕು ಹರಿಯುವವರೆಗೂ ಬಿಕ್ಕಿ ಬಿಕ್ಕಿ ಅತ್ತರು. ಸತ್ತ ಬಂಧುಗಳು ಇವತ್ತು ಸಿಗುತ್ತಾರೆ ಅಂತಿದ್ದವರು ಅವರನ್ನು ಎರಡನೇ ಸಲ ಕಳೆದುಕೊಂಡರು. ಬೀದಿಯಲ್ಲಿ ಮಕ್ಕಳು ಅಟ್ಟಿಸಿಕೊಂಡು ಬಂದು, ಏನು, ಇನ್ನೂ ಮೇಲೆ ಹೋಗಿಲ್ವಾ ಅಂತ ರೇಗಿಸಿದರು. ಕೆಲವು ಊರಲ್ಲಿ ಸಭಾಮಂದಿರಗಳ ಮೇಲೆ ದಾಳಿಯಾಯಿತು. ಆಸ್ತಿ ಮಾರಿಕೊಂಡವರಿಗೆ, ಬೆಳೆ ಬಿಟ್ಟವರಿಗೆ ಚಳಿಗಾಲ ಎದುರಿಗಿತ್ತು. ಇವರಿಗೆ ನೆರವು ಕೊಡಿ ಅಂತ ಹೈಮ್ಸ್ ತನ್ನ ಪತ್ರಿಕೆಯಲ್ಲೇ ಕರೆ ಕೊಟ್ಟ. ಅಷ್ಟರಮಟ್ಟಿಗೆ ಆತ ಪ್ರಾಮಾಣಿಕ. ಓಡಿಹೋಗಲಿಲ್ಲ. ಇತಿಹಾಸದಲ್ಲಿ ಆ ದಿನಕ್ಕೆ ಮಹಾ ನಿರಾಶೆ ಅಂತಲೇ ಹೆಸರು.

ಮಿಲ್ಲರ್ ಕೂಡ ನಿರಾಶೆಯನ್ನು ಬಹಿರಂಗವಾಗಿ ಒಪ್ಪಿಕೊಂಡ. ಮತ್ತೆ ತಾರೀಖು ಹೇಳಲಿಲ್ಲ. ದೃಷ್ಟಿ ಕಳೆದುಕೊಂಡು 1849ರ ಡಿಸೆಂಬರ್‌ನಲ್ಲಿ ತನ್ನ ಹಳ್ಳಿಯಲ್ಲೇ ತೀರಿಕೊಂಡ. ಬರುವವನು ಬೇಗ ಬರುತ್ತಾನೆ ಅನ್ನೋದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಈಗ ನಾನು ನಿಮ್ಮನ್ನು ತೊಂಬತ್ತು ವರ್ಷ ಮುಂದಕ್ಕೆ, ನಮ್ಮ ದೇಶಕ್ಕೇ ಕರೆದುಕೊಂಡು ಬರ್ತೀನಿ. ಕಾರಣ ಇದೆ. ಜನ ಯಾಕೆ ಇಂಥದ್ದನ್ನು ನಂಬ್ತಾರೆ ಅನ್ನೋದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಸುಳಿವು ಇರೋದು ಬಿಹಾರದಲ್ಲಿ.

1934ರ ಜನವರಿ 15. ಬಿಹಾರ ಮತ್ತು ನೇಪಾಳದಲ್ಲಿ ಭೀಕರ ಭೂಕಂಪ. ಹತ್ತು ಸಾವಿರಕ್ಕೂ ಹೆಚ್ಚು ಸಾವು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಗಾಂಧೀಜಿ ಹೇಳಿದರು, ಟಾಗೋರರು ಅದನ್ನು ಕಟುವಾಗಿ ವಿರೋಧಿಸಿದರು. ಆ ಜಗಳ ಎಲ್ಲರಿಗೂ ಗೊತ್ತು. ಆದರೆ ಅದೇ ಹೊತ್ತಿನಲ್ಲಿ ಜಮುನಾ ಪ್ರಸಾದ್ ಅನ್ನೋ ಮನಶ್ಶಾಸ್ತ್ರಜ್ಞ ಯಾರೂ ಮಾಡದ ಒಂದು ಕೆಲಸ ಮಾಡಿದರು. ಜನರ ಬಾಯಲ್ಲಿ ಓಡಾಡುತ್ತಿದ್ದ ಗಾಳಿಸುದ್ದಿಗಳನ್ನು ಬರೆದಿಟ್ಟುಕೊಂಡರು. ಚಂದ್ರಗ್ರಹಣದ ದಿನ ಇನ್ನೂ ದೊಡ್ಡ ಕಂಪನ ಆಗುತ್ತಂತೆ. ನೇಪಾಳದ ಕಡೆಯಿಂದ ಪ್ರವಾಹ ನುಗ್ಗಿ ಬರ್ತಿದೆಯಂತೆ. ಇಂಥವು. ಇದನ್ನೆಲ್ಲ ಹೇಳುತ್ತಿದ್ದವರು ಯಾರು? ಭೂಮಿ ನಡುಗಿದ್ದನ್ನು ಅನುಭವಿಸಿಯೂ ಮನೆ ಬೀಳದ, ಯಾರನ್ನೂ ಕಳೆದುಕೊಳ್ಳದ ಪ್ರದೇಶಗಳ ಜನ!

ಇಪ್ಪತ್ತು ವರ್ಷದ ನಂತರ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಆ ಲೇಖನ ಓದಿ ತಲೆ ಕೆರೆದುಕೊಂಡ. ಅಪಾಯದಿಂದ ಪಾರಾದವನು ನೆಮ್ಮದಿಯಾಗಿರಬೇಕು. ಇನ್ನೂ ದೊಡ್ಡ ಅಪಾಯವನ್ನು ಯಾಕೆ ಕಲ್ಪಿಸಿಕೊಳ್ಳುತ್ತಾನೆ? ಅವನಿಗೆ ಹೊಳೆದ ಉತ್ತರ ನನ್ನನ್ನು ತುಂಬಾ ದಿನ ಕಾಡಿದೆ. ಆ ಸುದ್ದಿಗಳಿಂದ ಭಯ ಹುಟ್ಟಿದ್ದಲ್ಲ. ಭಯ ಮೊದಲೇ ಇತ್ತು. ಎದೆ ಬಡಿತ ನಿಂತಿಲ್ಲ, ಆದರೆ ಸುತ್ತ ನೋಡಿದರೆ ಎಲ್ಲ ಸರಿಯಾಗೇ ಇದೆ. ಮನೆ ನಿಂತಿದೆ, ಮಕ್ಕಳಿದ್ದಾರೆ. ಹಾಗಾದರೆ ನನಗೆ ಯಾಕೆ ಹೀಗಾಗ್ತಿದೆ? ಆ ಭಯಕ್ಕೆ ತಕ್ಕ ಅಳತೆಯ ಒಂದು ಕಾರಣ ಬೇಕು. ಗ್ರಹಣ, ಪ್ರವಾಹ, ಪ್ರಳಯ ಆ ಅಳತೆಗೆ ಸರಿಹೋಗುತ್ತೆ. ಫೆಸ್ಟಿಂಗರ್‌ನ ಹೆಸರಾಂತ ಸಿದ್ಧಾಂತದ ಬೀಜ ಇದೇ, 1957ರ ತನ್ನ ಪುಸ್ತಕದಲ್ಲಿ ಆತನೇ ಹೇಳಿಕೊಂಡಿದ್ದಾನೆ. 1954ರ ಡಿಸೆಂಬರ್ 21ಕ್ಕೆ ಜಲಪ್ರಳಯ ಅಂತ ಕಾದು ಕೂತಿದ್ದ ಷಿಕಾಗೋ ಬಳಿಯ ಒಂದು ಸಣ್ಣ ಗುಂಪಿನೊಳಗೆ ತನ್ನ ಜನರನ್ನು ವೇಷ ಮರೆಸಿ ಕಳಿಸಿ ಅಧ್ಯಯನ ಮಾಡಿದ್ದೂ ಇವನೇ. ಆ ಅಧ್ಯಯನದ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಭಕ್ತರ ಗುಂಪಿನಲ್ಲಿ ಗೂಢಚಾರರೇ ತುಂಬಿಕೊಂಡರೆ ಯಾರನ್ನು ಯಾರು ನೋಡಿದ ಹಾಗಾಯಿತು? ಬಿಹಾರದ ಒಳನೋಟಕ್ಕೆ ಮಾತ್ರ ಕೈಮುಗಿಯುತ್ತೇನೆ.

ಈಗ ಮಿಲ್ಲರ್‌ನನ್ನು ಮತ್ತೆ ನೋಡಿ. ಫಿರಂಗಿ ಗುಂಡು ಎರಡಡಿ ದೂರದಲ್ಲಿ ಸಿಡಿದು, ಪಾರಾಗಿ ಬಂದವನು ಆತ.

ಇಲ್ಲಿಯವರೆಗೆ ಹೇಳಿದ ಕಥೆಯಲ್ಲಿ ಜನ ಕಳೆದುಕೊಂಡಿದ್ದು ಬೆಳೆ, ಮಾನ, ಸ್ವಲ್ಪ ಆಸ್ತಿ. ಎಲ್ಲ ಕಡೆ ಇಷ್ಟಕ್ಕೇ ಮುಗಿಯಲಿಲ್ಲ. ದಕ್ಷಿಣ ಆಫ್ರಿಕಾದ ಖೋಸಾ ಜನಾಂಗ ಗೊತ್ತಲ್ವಾ, ನೆಲ್ಸನ್ ಮಂಡೇಲಾ ಹುಟ್ಟಿದ ಜನಾಂಗ. 1850ರಿಂದ 53ರವರೆಗೆ ಬ್ರಿಟಿಷರ ಜೊತೆ ಎಂಟನೇ ಯುದ್ಧ ಮಾಡಿ ಸೋತಿದ್ದರು. ಭೂಮಿ ಹೋಯಿತು. ಅದರ ಬೆನ್ನಿಗೇ ಯುರೋಪಿನಿಂದ ಹಡಗಿನಲ್ಲಿ ಬಂದ ಹೋರಿಗಳ ಮೂಲಕ ದನಗಳಿಗೆ ಶ್ವಾಸಕೋಶದ ರೋಗ ಬಂತು. ದನವೇ ಅವರ ಸಂಪತ್ತು, ಹೆಣ್ಣು ತರೋದಕ್ಕೆ ದನ, ಪಿತೃಗಳಿಗೆ ಕೊಡೋದಕ್ಕೆ ದನ. ಅವು ಉಸಿರು ಕಟ್ಟಿ ಒದ್ದಾಡಿ ಒದ್ದಾಡಿ ಸಾಯೋದನ್ನು ಕಣ್ಣಾರೆ ನೋಡಿದರು.

1856ರಲ್ಲಿ ನೊಂಗಕಾವುಸೆ ಅನ್ನೋ ಸುಮಾರು ಹದಿನೈದರ ಹುಡುಗಿ ನದಿ ದಡದಿಂದ ಮನೆಗೆ ಬಂದು ಹೇಳಿದಳು. ಅಪರಿಚಿತರಿಬ್ಬರು ಸಿಕ್ಕಿದ್ದರು. ನಮ್ಮ ಪೂರ್ವಜರು ಎದ್ದು ಬರ್ತಾರಂತೆ, ಹೊಸ ಆರೋಗ್ಯವಂತ ದನ ತರ್ತಾರಂತೆ. ಅದಕ್ಕೆ ಮೊದಲು ಈಗಿರೋ ದನಗಳನ್ನೆಲ್ಲ ಕೊಲ್ಲಬೇಕಂತೆ, ದವಸ ಚೆಲ್ಲಬೇಕಂತೆ, ಬಿತ್ತನೆ ಮಾಡಬಾರದಂತೆ. ಚಿಕ್ಕ ಹುಡುಗಿಯ ಮಾತು ಅಂತ ಬಿಡಬಹುದಿತ್ತು. ಆದರೆ ಅವಳ ಬಂಧು ಮ್ಲಕಾಜ ಅದನ್ನು ಸಾರಿದ. ದೊಡ್ಡ ದೊರೆ ಸರ್ಹಿಲಿ ನಂಬಿದ. ಇದರ ಜೊತೆ ಇನ್ನೊಂದು ಸುದ್ದಿ ಸೇರಿತು. ಅವರನ್ನು ಸೋಲಿಸಿದ್ದ ಬ್ರಿಟಿಷ್ ಗವರ್ನರ್ ಕ್ಯಾತ್‌ಕಾರ್ಟ್ ಕ್ರಿಮಿಯಾ ಯುದ್ಧದಲ್ಲಿ ರಷ್ಯನ್ನರ ಕೈಯಲ್ಲಿ ಸತ್ತಿದ್ದ. ಅಂದಮೇಲೆ ಆ ರಷ್ಯನ್ನರು ನಮ್ಮವರೇ ಇರಬೇಕು, ಸತ್ತು ಹೋದ ನಮ್ಮ ಯೋಧರೇ ಇರಬೇಕು ಅಂತ ಅವರು ಅಂದುಕೊಂಡರು. ನಗಬೇಡಿ. ಸೋತವನಿಗೆ ದೂರದ ಗೆಲುವು ಯಾವಾಗಲೂ ತನ್ನದೇ ಅನ್ನಿಸುತ್ತೆ.

ಸುಮಾರು ನಾಲ್ಕು ಲಕ್ಷ ದನ ಕೊಂದರು. ಹುಣ್ಣಿಮೆ ಬಂದು ಹೋಯಿತು, ಪೂರ್ವಜರು ಬರಲಿಲ್ಲ. ಎಲ್ಲರೂ ಕೊಂದಿಲ್ಲ, ಅದಕ್ಕೇ ಬರಲಿಲ್ಲ ಅಂದರು. ಕೊಲ್ಲದವರಿಗೆ ಒಂದು ಹೆಸರಿಟ್ಟರು, ಗಟ್ಟಿ ಮನಸ್ಸಿನವರು, ಸ್ವಾರ್ಥಿಗಳು ಅಂತ. ಊರು ಎರಡಾಯಿತು, ಮನೆಗಳೂ ಎರಡಾದವು. ಕೊನೆಯ ಗಡುವು 1857ರ ಫೆಬ್ರವರಿ 18. ಅವತ್ತು ಸೂರ್ಯ ಎಂದಿನಂತೆ ಇರುವುದಿಲ್ಲ ಅಂದಿದ್ದರು. ಅಲ್ಲೂ ಎಂದಿನ ಹಾಗೇ ಹುಟ್ಟಿದ, ಎಂದಿನ ಹಾಗೇ ಮುಳುಗಿದ.

ಹಸಿವಿನಿಂದ ಸತ್ತವರು ಸುಮಾರು ನಲವತ್ತು ಸಾವಿರ. ಅಷ್ಟೇ ಜನ ಕೂಲಿ ಅರಸಿ ಬಿಳಿಯರ ತೋಟಗಳಿಗೆ ಹೋದರು. ಗವರ್ನರ್ ಜಾರ್ಜ್ ಗ್ರೇ ಆ ಭೂಮಿಯಲ್ಲಿ ಬಿಳಿಯರನ್ನು ಕೂರಿಸಿದ. ಎಂಟು ಯುದ್ಧಗಳಲ್ಲಿ ಆಗದ್ದು ಒಂದು ವರ್ಷದಲ್ಲಿ ಆಗಿಹೋಯಿತು. ಅಷ್ಟೇ ಅಲ್ಲ, ಅದೇ 1857ರಲ್ಲಿ ಭಾರತದಲ್ಲಿ ದಂಗೆ ಎದ್ದಾಗ ಇದೇ ಗ್ರೇ ಅಲ್ಲಿಂದ ಇಲ್ಲಿಗೆ ಸೈನ್ಯ ಕಳಿಸಿದ. ಪ್ಲಾಸಿ ಕದನವಾಗಿ ನೂರು ವರ್ಷಕ್ಕೆ ಕಂಪನಿ ಸರ್ಕಾರ ಕೊನೆಯಾಗುತ್ತೆ ಅನ್ನೋ ಭವಿಷ್ಯ ಉತ್ತರ ಭಾರತದಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದ್ದ ವರ್ಷ ಅದು. ಕಂಪನಿ ಸರ್ಕಾರ ಹೋಯಿತು ನಿಜ. ರಾಣಿ ಸರ್ಕಾರ ಬಂತು!

ಖೋಸಾ ಜನ ಮೂಢರು ಅಂತ ಬ್ರಿಟಿಷ್ ಅಧಿಕಾರಿಗಳು ಬರೆದರು. ಇತಿಹಾಸಕಾರ ಜೆಫ್ ಪೈರ್ಸ್ ತಾಳೆ ಹಾಕಿ ನೋಡಿದಾಗ ಕಂಡಿದ್ದು ಬೇರೆ. ದನದ ರೋಗ ಎಲ್ಲಿ ಹೆಚ್ಚು ಬಡಿದಿತ್ತೋ ಅಲ್ಲಿ ನಂಬಿದವರು ಹೆಚ್ಚು. ಹೇಗೂ ಸಾಯೋ ದನ. ನಾಳೆ ಅದಾಗೇ ಸಾಯೋದಕ್ಕಿಂತ ಇವತ್ತು ನಾನೇ ಕೊಂದರೆ ಆ ಸಾವಿಗೆ ಒಂದು ಅರ್ಥವಾದರೂ ಸಿಗುತ್ತೆ. ಇದರಲ್ಲಿ ಹುಚ್ಚು ಎಷ್ಟು, ಲೆಕ್ಕ ಎಷ್ಟು ಅಂತ ಬೇರೆ ಮಾಡೋದು ನನ್ನಿಂದಾಗಲ್ಲ.

ನಮ್ಮಲ್ಲಿ? ನಿಮ್ಮ ಮನೆಯಲ್ಲಿ ಎಂಬತ್ತರ ಹತ್ತಿರದವರು ಇದ್ದರೆ ಅಷ್ಟಗ್ರಹ ಕೂಟ ಅಂತ ಒಂದು ಸಲ ಹೇಳಿ ನೋಡಿ. 1962ರ ಫೆಬ್ರವರಿ ಮೊದಲ ವಾರ. ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ ಎಲ್ಲ ಮಕರ ರಾಶಿಯಲ್ಲಿ, ಜೊತೆಗೆ ಕೇತು. ಮೇಲೆ ಗ್ರಹಣ ಬೇರೆ. ದೇಶದ ತುಂಬಾ ಯಜ್ಞ, ಅಖಂಡ ಭಜನೆ. ತುಪ್ಪ ಸುರಿದಿದ್ದೇ ಸುರಿದಿದ್ದು. ಕೆಲಸ ಬಿಟ್ಟು ಸಾಯೋದಾದರೆ ಒಟ್ಟಿಗೇ ಸಾಯೋಣ ಅಂತ ಊರಿಗೆ ಹೋಗಿ ಕೂತವರಿದ್ದರು. ಪ್ರಧಾನಿ ನೆಹರೂ ಇದೆಲ್ಲ ನಗುವ ವಿಷಯ ಅಂದರು. ಅದೇ ತಿಂಗಳು ಮಹಾಚುನಾವಣೆ ನಡೆಯಿತು, ಜನ ಕ್ಯೂ ನಿಂತು ವೋಟು ಹಾಕಿದರು. ಪ್ರಳಯದ ಸುದ್ದಿ ಅಲ್ಲಿಗೆ ನಿಲ್ಲಬೇಕಿತ್ತು. ಅಕ್ಟೋಬರ್‌ನಲ್ಲಿ ಚೀನಾ ದಾಳಿ ಮಾಡಿತು. ನೋಡಿದಿರಾ, ಆಗ ಹೇಳಿರಲಿಲ್ವಾ ಅಂದರು. ಫೆಬ್ರವರಿಯ ಗ್ರಹಗಳು ಎಂಟು ತಿಂಗಳು ತಡವಾಗಿ ಕೆಲಸ ಮಾಡಿದ್ದವು!

ಕನ್ನಡ ನೆಲಕ್ಕೆ ಇದು ಹೊಸತಲ್ಲ. ನಮ್ಮಲ್ಲಿ ಇದಕ್ಕೆ ಚೆಂದದ ಪದವೇ ಇದೆ, ಕಾಲಜ್ಞಾನ. ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿದೆ, ಕೈವಾರ ತಾತಯ್ಯನವರ ಹೆಸರಲ್ಲಿದೆ, ಗಡಿಯಾಚೆಯ ವೀರಬ್ರಹ್ಮೇಂದ್ರ ಸ್ವಾಮಿಗಳದ್ದಂತೂ ನಮ್ಮ ಕೋಲಾರ, ಬಳ್ಳಾರಿ ಕಡೆ ಮನೆಮಾತು. ಇವುಗಳಲ್ಲಿ ನನಗೆ ಕುತೂಹಲ ಹುಟ್ಟಿಸೋದು ಅನಾಹುತಗಳ ಪಟ್ಟಿ ಅಲ್ಲ. ಅದಾದ ಮೇಲೆ ವೀರ ವಸಂತರಾಯ ಬರ್ತಾನೆ, ಧರ್ಮದ ರಾಜ್ಯ ಮತ್ತೆ ನಿಲ್ಲುತ್ತೆ ಅನ್ನೋ ಮಾತು. ನಾಶದ ಭಾಗವನ್ನು ಟಿವಿಯವರು ತೋರಿಸ್ತಾರೆ. ಊರಿನ ಮುದುಕರು ಹೇಳುವಾಗ ದನಿ ಏರೋದು ವಸಂತರಾಯ ಬರುವಾಗ.

ಮಿಲ್ಲರ್‌ನ ಜನ ಏನಾದರು ಅಂತ ಹೇಳಿ ಮುಗಿಸ್ತೀನಿ. ಬಹಳಷ್ಟು ಮಂದಿ ಹಳೇ ಚರ್ಚುಗಳಿಗೆ ಮರಳಿದರು ಅಥವಾ ದೇವರ ಸಹವಾಸವೇ ಸಾಕು ಅಂದರು. ಆದರೆ ರಾತ್ರಿಯಿಡೀ ಅತ್ತ ಎಡ್ಸನ್ 23ರ ಬೆಳಿಗ್ಗೆ ಜೋಳದ ಹೊಲದಲ್ಲಿ ನಡೆದು ಹೋಗುವಾಗ ಅವನಿಗೆ ಒಂದು ವಿಚಾರ ಹೊಳೆಯಿತು. ತಾರೀಖು ಸರಿ, ಜಾಗ ತಪ್ಪು. ಶುದ್ಧವಾಗಬೇಕಿದ್ದ ಪವಿತ್ರ ಸ್ಥಾನ ಭೂಮಿಯಲ್ಲಿಲ್ಲ, ಸ್ವರ್ಗದಲ್ಲಿದೆ. ಅಲ್ಲಿ ಕೆಲಸ ಶುರುವಾಗಿದೆ, ನಮಗೆ ಕಾಣ್ತಿಲ್ಲ ಅಷ್ಟೆ. ಮೈನ್ ರಾಜ್ಯದ ಎಲೆನ್ ಹಾರ್ಮನ್ ಅನ್ನೋ ಹದಿನೇಳರ ಹುಡುಗಿಗೆ ಅದೇ ಡಿಸೆಂಬರ್‌ನಲ್ಲಿ ದರ್ಶನವಾಯಿತು. ಈ ಎಳೆಗಳೆಲ್ಲ ಸೇರಿ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಚರ್ಚ್ ಆಯಿತು. ಇವತ್ತು ಜಗತ್ತಿನಲ್ಲಿ ಅವರು 2 ಕೋಟಿಗೂ ಹೆಚ್ಚು. ಕ್ರಿಸ್ತ ಬೇಗ ಬರುತ್ತಾನೆ ಅಂತ ಈಗಲೂ ನಂಬುತ್ತಾರೆ, ತಾರೀಖು ಮಾತ್ರ ಹೇಳಲ್ಲ. ಆಸ್ಪತ್ರೆ ಕಟ್ಟಿದರು, ಶಾಲೆ ಕಟ್ಟಿದರು. ಬೆಂಗಳೂರಿನ ದೂರವಾಣಿನಗರದಲ್ಲಿ ಹಳೇ ಮದ್ರಾಸ್ ರಸ್ತೆಗೆ ಹೋದವರು ಲೌರಿ ಶಾಲೆ ನೋಡಿರ್ತೀರಿ, ಅದು ಅವರದ್ದೇ. ನಿಮ್ಮ ಮಕ್ಕಳು ಬೆಳಿಗ್ಗೆ ಹಾಲಿಗೆ ಹಾಕಿಕೊಳ್ಳೋ ಕಾರ್ನ್‌ಫ್ಲೇಕ್ಸ್ ಹುಟ್ಟಿದ್ದು ಬ್ಯಾಟಲ್ ಕ್ರೀಕ್‌ನಲ್ಲಿ ಇದೇ ಚರ್ಚಿನವರು ಕಟ್ಟಿದ ಆರೋಗ್ಯಧಾಮದಲ್ಲಿ, ಡಾಕ್ಟರ್ ಕೆಲಾಗ್ ಮತ್ತು ಅವನ ತಮ್ಮನ ಅಡುಗೆ ಪ್ರಯೋಗಗಳಿಂದ. ನಾಳೆ ಇಲ್ಲ ಅಂದುಕೊಂಡ ಜನರ ಮೊಮ್ಮಕ್ಕಳು ನಾಳೆಯ ತಿಂಡಿ ಬಗ್ಗೆ ಎಷ್ಟು ತಲೆಕೆಡಿಸಿಕೊಂಡರು ನೋಡಿ.

ಇನ್ನು ನಮ್ಮ ಹೈಮ್ಸ್. ಆತ ಎಲ್ಲರಿಗಿಂತ ಹೆಚ್ಚು ಬದುಕಿದ. ಗುಂಪುಗಳನ್ನು ಬದಲಾಯಿಸುತ್ತಾ ಬದಲಾಯಿಸುತ್ತಾ ಕೊನೆಗೆ ತಾನು ಹುಟ್ಟಿದ ಎಪಿಸ್ಕೋಪಲ್ ಚರ್ಚಿಗೇ ವಾಪಸ್ ಬಂದು, ದೂರದ ಸೌತ್ ಡಕೋಟಾದ ಒಂದು ಸಣ್ಣ ಊರಿನಲ್ಲಿ ಪಾದ್ರಿಯಾಗಿದ್ದ. 1895ರಲ್ಲಿ, ತೊಂಬತ್ತು ವರ್ಷಕ್ಕೆ ತೀರಿಕೊಂಡ. ಅಷ್ಟು ಹೊತ್ತಿಗೆ ಅಕ್ಟೋಬರ್ 22 ಕಳೆದು ಐವತ್ತು ವರ್ಷ ಆಗಿತ್ತು. ಸಾಯುವ ಮೊದಲು ಬಿಷಪ್ ಹತ್ತಿರ ಒಂದು ಬೇಡಿಕೆ ಇಟ್ಟಿದ್ದನಂತೆ. ನನ್ನನ್ನು ತಗ್ಗಿನಲ್ಲಿ ಹೂಳಬೇಡಿ, ಗುಡ್ಡದ ಮೇಲೆ ಹೂಳಿ. ದೇವದೂತನ ಕಹಳೆ ಕೇಳಿಸುವಾಗ ಎತ್ತರದಲ್ಲಿರಬೇಕು. ಸಿಯೂ ಫಾಲ್ಸ್ ಊರಿನ ಸ್ಮಶಾನದಲ್ಲಿ ಅವನ ಸಮಾಧಿ ಇದೆ.